ಮನೆಗೆ ನೆಟ್ ಹಾಕಿಸುವ ಮುಂಚೆ ತಂತಿಯ ದಾರಿ ಹಿಡಿದು ಹೋಗಿ

ಒಂದೇ ಊರು, ಒಂದೇ ಕಂಪನಿ, ಒಂದೇ ಪ್ಲಾನು. ಒಂದು ಬೀದಿಯವರು ವರ್ಷಗಟ್ಟಲೆ ತಕರಾರಿಲ್ಲದೆ ದುಡ್ಡು ಕಟ್ಟಿಕೊಂಡು ಹೋಗುತ್ತಾರೆ. ಎರಡು ಬೀದಿ ಆಚೆಯವರು ಹದಿನೈದು ದಿನಕ್ಕೊಮ್ಮೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ ಕೂತಿರುತ್ತಾರೆ. ಆದ್ದರಿಂದ ‘ಯಾವ ಕಂಪನಿ ಒಳ್ಳೇದು?’ ಎಂಬ ಪ್ರಶ್ನೆಗೆ ಊರಿಗೆಲ್ಲ ಹೊಂದುವ ಉತ್ತರ ಇಲ್ಲ. ನಮ್ಮ ಮನೆವರೆಗೆ ಯಾರ ತಂತಿ ಯಾವ ದಾರಿಯಲ್ಲಿ ಬಂದಿದೆ, ಅದು ಕಡಿದರೆ ಯಾರು ಬಂದು ಜೋಡಿಸುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದರೆ ಮಾತ್ರ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಜಾಹೀರಾತಿನಲ್ಲಿ ಕಾಣುವ ಎಂಬಿಪಿಎಸ್ ಅಂಕಿಗೂ ಈ ಪ್ರಶ್ನೆಗೂ ಸಂಬಂಧವೇ ಇಲ್ಲ.

ಬೀದಿಯ ಕೊನೆಯ ಎರಡು ಕಿಲೋಮೀಟರ್

ಮೊಬೈಲಿನಲ್ಲಿ ಓಡುವ ವಿಡಿಯೊ ಹೊರದೇಶದ್ದಾದರೆ ಸಮುದ್ರದಡಿಯ ಕೇಬಲ್ಲಿನಲ್ಲಿ ಮುಂಬೈಗೋ ಚೆನ್ನೈಗೋ ಬಂದು, ಬೆಂಗಳೂರು ಹಾದು, ಜಿಲ್ಲಾ ಕೇಂದ್ರ ಮುಟ್ಟಿ, ಕೊನೆಗೆ ನಿಮ್ಮ ಬಡಾವಣೆಯ ಒಂದು ಸಣ್ಣ ಕೋಣೆಗೆ ಇಳಿಯುತ್ತದೆ. ಆ ಕೋಣೆಯಲ್ಲಿ ಸುತ್ತಲಿನ ಮನೆಗಳಿಗೆ ನೆಟ್ಟನ್ನು ಬೆಳಕಿನ ಸಂಕೇತವಾಗಿ ಕಳಿಸುವ ಓಎಲ್‌ಟಿ ಎಂಬ ಯಂತ್ರ ಇರುತ್ತದೆ. ಅಲ್ಲಿಂದ ಹೊರಟ ಒಂದು ಫೈಬರ್ ಎಳೆಯನ್ನು, ಅಂದರೆ ಬೆಳಕು ಹಾಯುವ ಗಾಜಿನ ಎಳೆಯನ್ನು, ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಭಾಗ 8, 16, 32 ಅಥವಾ 64 ಕವಲಾಗಿ ಒಡೆಯುತ್ತದೆ. ಒಂದು ಕವಲು ಕಂಬದಿಂದ ನಿಮ್ಮ ಮನೆಗೆ ಬರುತ್ತದೆ. ಅದೇ ಡ್ರಾಪ್ ಕೇಬಲ್. ಮನೆಯೊಳಗೆ ಬೆಳಕನ್ನು ಮತ್ತೆ ವಿದ್ಯುತ್ ಸಂಕೇತವಾಗಿ ಬದಲಿಸುವ ಪೆಟ್ಟಿಗೆ ಓಎನ್‌ಟಿ. ಈಗ ಹೆಚ್ಚಿನ ಕಡೆ ವೈಫೈ ರೂಟರೂ ಅದರಲ್ಲೇ ಸೇರಿರುತ್ತದೆ.

ದೊಡ್ಡ ಕಂಪನಿಗಳ ಊರೂರಿನ ನಡುವಿನ ಮುಖ್ಯ ಲೈನುಗಳಿಗೆ ಸಾಮಾನ್ಯವಾಗಿ ಬದಲಿ ದಾರಿ ಇರುತ್ತದೆ. ಒಂದು ಕಡೆ ಜೆಸಿಬಿ ಅಗೆದು ಕಡಿದರೂ ಸಂಚಾರ ಇನ್ನೊಂದು ದಾರಿ ಹಿಡಿಯುತ್ತದೆ. ಓಎಲ್‌ಟಿಯಿಂದ ನಿಮ್ಮ ಮನೆವರೆಗಿನ ಎಳೆಗೆ ಆ ಭಾಗ್ಯ ಇಲ್ಲ. ಮರದ ಕೊಂಬೆ ಬಿದ್ದರೆ, ಎತ್ತರದ ಲಾರಿ ಎಳೆದುಕೊಂಡು ಹೋದರೆ, ವಿದ್ಯುತ್ ಕಂಬದ ಮೇಲೆ ಅನುಮತಿ ಇಲ್ಲದೆ ಹಾಕಿದ ಕೇಬಲ್ ಅಂತ ಬೆಸ್ಕಾಂನವರು ಕತ್ತರಿಸಿದರೆ, ಇಲಿಯೋ ಕೋತಿಯೋ ಕಡಿದರೆ ನೆಟ್ ಹೋಯಿತು ಅಷ್ಟೆ. ಮನೆಯ ಇಂಟರ್ನೆಟ್ ಕೆಡುವ ಹೆಚ್ಚಿನ ಕಾರಣಗಳು ಈ ಎರಡು ಕಿಲೋಮೀಟರಿನೊಳಗೇ ಇವೆ.

ಸ್ಪ್ಲಿಟರ್ ಎಂದರೆ ನಾಲೆಯಿಂದ ಹೊಲಕ್ಕೆ ಒಡೆಯುವ ತೂಬಿನ ಹಾಗೆ. ಜಿಪಾನ್ ಎಂಬ ತಂತ್ರಜ್ಞಾನದಲ್ಲಿ ಒಂದು ಎಳೆಯ ಮೇಲೆ ಮನೆಗಳ ಕಡೆಗೆ ಸುಮಾರು 2.5 ಗಿಗಾಬಿಟ್, ಮನೆಗಳಿಂದ ಮೇಲಕ್ಕೆ ಸುಮಾರು 1.25 ಗಿಗಾಬಿಟ್ ಹರಿಯುತ್ತದೆ. 32 ಮನೆಯವರೂ ಒಮ್ಮೆಗೇ ಪೂರ್ತಿ ಎಳೆದುಕೊಂಡರೆ ತಲಾ ಸುಮಾರು 77 ಎಂಬಿಪಿಎಸ್. ಅನೇಕ ಲೋಕಲ್ ಕೇಬಲ್ ಆಪರೇಟರುಗಳು ಬಳಸುವ ಅಗ್ಗದ ಈಪಾನ್‌ನಲ್ಲಿ ಕೈಗೆ ಸಿಗುವುದು ಸುಮಾರು 1 ಗಿಗಾಬಿಟ್. ಅದನ್ನು 64 ಮನೆಗೆ ಹಂಚಿದರೆ ತಲಾ 15ರ ಆಸುಪಾಸು. ಎಲ್ಲರೂ ಒಂದೇ ಕ್ಷಣ ಎಳೆಯುವುದಿಲ್ಲವಾದ್ದರಿಂದ ನಡೆದುಹೋಗುತ್ತದೆ. ಆದರೆ ಐಪಿಎಲ್ ಪಂದ್ಯದ ರಾತ್ರಿ ನಾಲೆಯ ಕೊನೆಭಾಗದ ರೈತನ ಪಾಡು ಈ ಮನೆಗಳಿಗೂ ಬರುತ್ತದೆ. ಹಾಕಿಸುವ ಮುಂಚೆ ‘ಇದು ಜಿಪಾನಾ, ಈಪಾನಾ? ಓಎಲ್‌ಟಿಯ ಒಂದು ಪೋರ್ಟಿಗೆ, ಅಂದರೆ ಒಂದು ಎಳೆಗೆ, ಎಷ್ಟು ಮನೆ?’ ಎಂದು ಕೇಳಿ. ಉತ್ತರ ಕೊಡಬಲ್ಲವನು ಕೆಲಸ ಬಲ್ಲವನು.

ನಾಲ್ಕು ಬಗೆ, ನಾಲ್ಕು ಬಗೆಯ ತೊಂದರೆ

ಮನೆಯೊಳಗಿನವರೆಗೂ ಫೈಬರ್ ಬರುವ ಸಂಪರ್ಕ ಎಲ್ಲಕ್ಕಿಂತ ಮೇಲು. ಅದು ಸಿಗುವ ಕಡೆ ಬೇರೆ ಯೋಚನೆ ಬೇಡ. ನಡುವಿನ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಓಎಲ್‌ಟಿ ಇರುವ ಕೋಣೆಗೂ ನಿಮ್ಮ ಮನೆಗೂ ಕರೆಂಟ್ ಇದ್ದರೆ ಸಾಕು, ನಡುವಿನ ಬೀದಿಗಳೆಲ್ಲ ಕತ್ತಲಾದರೂ ನೆಟ್ ಬರುತ್ತದೆ.

ಎರಡನೆಯದು, ‘ಫೈಬರ್’ ಎಂದು ಹೇಳಿ ಅಪಾರ್ಟ್‌ಮೆಂಟಿನ ಟೆರೇಸ್‌ವರೆಗೆ ಮಾತ್ರ ಫೈಬರ್ ತಂದು, ಅಲ್ಲಿಂದ ಲ್ಯಾನ್ ಕೇಬಲ್ ಇಳಿಬಿಡುವ ಪದ್ಧತಿ. ಟೆರೇಸ್ ಮೇಲೆ ನೆಟ್ಟನ್ನು ಮನೆಮನೆಗೆ ಹಂಚುವ ಪೆಟ್ಟಿಗೆಗೆ (ಸ್ವಿಚ್) ಕರೆಂಟ್ ಬೇಕು. ಕಟ್ಟಡದ ಕರೆಂಟ್ ಹೋದರೆ ನಿಮ್ಮ ಮನೆಯ ಯುಪಿಎಸ್ ಇದ್ದೂ ಪ್ರಯೋಜನ ಇಲ್ಲ. ಇದಕ್ಕಿಂತ ದೊಡ್ಡ ತೊಂದರೆ ಸಿಡಿಲಿನದು. ಲ್ಯಾನ್ ಕೇಬಲ್ ತಾಮ್ರದ್ದು. ಹತ್ತಿರ ಎಲ್ಲಾದರೂ ಸಿಡಿಲು ಬಡಿದರೆ ಅದರಲ್ಲಿ ಹರಿದ ಏರುವೋಲ್ಟೇಜ್ ರೂಟರಿನ ಪೋರ್ಟನ್ನು ಸುಡುತ್ತದೆ, ಕೆಲವೊಮ್ಮೆ ಅದಕ್ಕೆ ಜೋಡಿಸಿದ ಟಿವಿಯನ್ನೂ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ರೂಟರು ಸತ್ತುಹೋಗುವ ಕಥೆಗಳ ಹಿಂದೆ ಬಹಳ ಸಲ ಇರುವುದು ಈ ತಾಮ್ರವೇ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಇನ್ನೊಂದು ವಿಷಯ: ಲ್ಯಾನ್ ಕೇಬಲ್ಲಿನ ನಾಲ್ಕು ಜೋಡಿ ತಂತಿಯಲ್ಲಿ ಎರಡನ್ನಷ್ಟೇ ತುದಿಯ ಪ್ಲಗ್ಗಿಗೆ ಒತ್ತಿ ಕೂರಿಸಿದ್ದರೆ (ಕ್ರಿಂಪ್) 100 ಎಂಬಿಪಿಎಸ್ ದಾಟುವುದಿಲ್ಲ. 200ರ ಪ್ಲಾನ್ ತೆಗೆದುಕೊಂಡವರಿಗೂ 94ರಲ್ಲೇ ನಿಂತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು.

ಮೂರನೆಯದು ಗಾಳಿಯ ದಾರಿ. ಏರ್‌ಟೆಲ್ ಮತ್ತು ಜಿಯೊ 2023ರಲ್ಲಿ ಏರ್‌ಫೈಬರ್ ಹೆಸರಿನಲ್ಲಿ ಶುರುಮಾಡಿದ್ದು ಇದು. ಹೆಸರಿನಲ್ಲಿ ಫೈಬರ್ ಇದೆ, ಮನೆಗೆ ಬರುವುದು 5ಜಿ ಟವರಿನ ಸಿಗ್ನಲ್. ಮಾಳಿಗೆ ಮೇಲೆ ಅಥವಾ ಕಿಟಕಿಯ ಹೊರಗೆ ಒಂದು ಆಂಟೆನಾ ಪೆಟ್ಟಿಗೆ ಕೂರಿಸುತ್ತಾರೆ. ಜಿಯೊ ಕೆಲವು ಕಡೆ 5ಜಿಗೆ ಬದಲಾಗಿ ಪರವಾನಗಿ ಬೇಡದ ತರಂಗಾಂತರದ ರೇಡಿಯೊ ಬಳಸುತ್ತದೆ. ಅದಕ್ಕೆ ಟವರ್ ಕಣ್ಣಿಗೆ ಕಾಣುವಂತೆ ಎದುರಿಗಿರಬೇಕು. ಫೈಬರ್ ಬಾರದ ಬಡಾವಣೆಗೆ, ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವ ಬಾಡಿಗೆದಾರರಿಗೆ ಇದು ಒಳ್ಳೆಯದೇ. ಆದರೆ ಟವರಿನ ಮೇಲೆ ಊರಿನ ಮೊಬೈಲುಗಳ ಭಾರವೂ ಇರುವುದರಿಂದ ಸಂಜೆ ವೇಗ ಏರಿಳಿಯುತ್ತದೆ. ತಿಂಗಳ ಮಿತಿಯೂ ಫೈಬರಿಗಿಂತ ಕಡಿಮೆ, ಸಾಮಾನ್ಯವಾಗಿ 1000 ಜಿಬಿ. ಮನೆಯಲ್ಲಿ ಆಂಟೆನಾ ಕೂರಿಸುವ ಜಾಗದಲ್ಲೇ ನಿಂತು, ಅದೇ ಕಂಪನಿಯ 5ಜಿ ಸಿಮ್ಮಿನಲ್ಲಿ ರಾತ್ರಿ 9 ಗಂಟೆಗೆ ಎರಡು ದಿನ ಪರೀಕ್ಷೆ ಮಾಡಿ ನೋಡಿದರೆ ಅಂದಾಜು ಸಿಗುತ್ತದೆ.

ನಾಲ್ಕನೆಯದು ಹಳ್ಳಿಗಳ ಮಟ್ಟಿಗೆ ಮುಖ್ಯವಾದದ್ದು: ಬಿಎಸ್‌ಎನ್‌ಎಲ್ ಫೈಬರ್. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸಲು 2011ರಲ್ಲಿ ಮಂಜೂರಾದ ಯೋಜನೆಯೇ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ಬಿಎಸ್‌ಎನ್‌ಎಲ್ ಫೈಬರನ್ನು ಅನೇಕ ಊರುಗಳಲ್ಲಿ ಮನೆ ಬಾಗಿಲಿಗೆ ತಲುಪಿಸುವುದು ಆದಾಯ ಹಂಚಿಕೆಯ ಮೇಲೆ ಕೆಲಸ ಮಾಡುವ ಸ್ಥಳೀಯ ಪಾಲುದಾರ, ಬಹಳ ಸಲ ಊರಿನ ಕೇಬಲ್ ಟಿವಿಯವರೇ. ಒಂದು ಹೋಬಳಿಯಲ್ಲಿ ಅದು ನಂಬಿಕಸ್ತ, ಪಕ್ಕದ ಹೋಬಳಿಯಲ್ಲಿ ತಲೆನೋವು ಆಗುವುದು ಅದಕ್ಕೇ. ನೀವು ಆರಿಸಬೇಕಾದದ್ದು ಬಿಲ್ಲಿನ ಮೇಲಿನ ಹೆಸರಿನ ಜೊತೆಗೆ ಆ ಪಾಲುದಾರನನ್ನೂ. ಅವನ ಬಳಿ ಕಡಿದ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮಿಷನ್ ಸ್ವಂತದ್ದಿದೆಯೇ, ಇಲ್ಲ ತಾಲ್ಲೂಕಿನಿಂದ ಯಾರನ್ನೋ ಕರೆಸಬೇಕೇ ಎಂದು ವಿಚಾರಿಸಿ. ಸ್ವಂತ ಮಿಷನ್ ಇರುವವನು ಒಂದು ಗಂಟೆಯಲ್ಲಿ ಜೋಡಿಸುವುದನ್ನು ಇಲ್ಲದವನು ಮೂರು ದಿನ ಎಳೆಯುತ್ತಾನೆ.

ಬೀದಿಯಲ್ಲಿ ಅರ್ಧ ಗಂಟೆ

ಮೊದಲು ನಿಮ್ಮ ಪ್ರದೇಶದಲ್ಲಿ ಯಾರ್‍ಯಾರು ಇದ್ದಾರೆ ಎಂದು ತಿಳಿಯಿರಿ. ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಅಲ್ಲಿ ತಂತಿ ಮೂಲಕ ಇಂಟರ್ನೆಟ್ ಕೊಡುವ ಪರವಾನಗಿದಾರರ ಪಟ್ಟಿ ಸಿಗುತ್ತದೆ. ಪರವಾನಗಿಯಲ್ಲಿ ಮೂರು ದರ್ಜೆ: ‘ಎ’ ಇಡೀ ದೇಶಕ್ಕೆ, ‘ಬಿ’ ಒಂದು ಟೆಲಿಕಾಂ ವೃತ್ತಕ್ಕೆ (ಹೆಚ್ಚುಕಡಿಮೆ ಒಂದು ರಾಜ್ಯದಷ್ಟು ಪ್ರದೇಶ), ‘ಸಿ’ ಅದಕ್ಕಿಂತ ಸಣ್ಣ ಪ್ರದೇಶಕ್ಕೆ. ‘ಸಿ’ ದರ್ಜೆ ಎಂದ ಮಾತ್ರಕ್ಕೆ ಕಳಪೆ ಎಂದೇನೂ ಇಲ್ಲ. ಊರಿನವನೇ ನಡೆಸುವ ಸಣ್ಣ ಕಂಪನಿ ಎಷ್ಟೋ ಕಡೆ ದೊಡ್ಡವರಿಗಿಂತ ಬೇಗ ಬಂದು ರಿಪೇರಿ ಮಾಡುತ್ತದೆ.

ಆಮೇಲೆ ಬೀದಿಗಿಳಿದು ತಲೆಯೆತ್ತಿ ನೋಡಿ. ಕಂಬಗಳ ಮೇಲಿನ ಕಪ್ಪು ಪೆಟ್ಟಿಗೆಗಳಿಗೆ ಮುಚ್ಚಳ ಇದೆಯೇ, ಇಲ್ಲ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿದ್ದಾರೆಯೇ? ಕೇಬಲ್ ಬಿಗಿಯಾಗಿ ಕಂಬದಿಂದ ಕಂಬಕ್ಕೆ ಹೋಗಿದೆಯೇ, ಮರದ ಕೊಂಬೆಗೆ ನೇತು ಬಿದ್ದಿದೆಯೇ? ರಸ್ತೆ ದಾಟುವಲ್ಲಿ ಲಾರಿಗೆ ತಾಗುವಷ್ಟು ಜೋತಿದೆಯೇ? ಕೇಬಲ್ಲಿಗೆ ಕಂಪನಿಯ ಹೆಸರಿನ ಚೀಟಿ ಇದೆಯೇ? ನೆಲದಡಿಯ ಡಕ್ಟಿನಲ್ಲಿ ಬಂದ ಲೈನಾದರೆ ಮಳೆಗಾಲದಲ್ಲಿ ಅರ್ಧ ಚಿಂತೆ ಇಲ್ಲ, ರಸ್ತೆ ಅಗೆಯುವವರ ಚಿಂತೆ ಮಾತ್ರ ಉಳಿಯುತ್ತದೆ.

ಇನ್ನು ನೆರೆಹೊರೆಯವರು. ‘ನೆಟ್ ಹೇಗಿದೆ?’ ಎಂದು ಕೇಳಿದರೆ ‘ಪರವಾಗಿಲ್ಲ’ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಕಂಬದಿಂದ ಲೈನು ಪಡೆದ ಮೂರು ಮನೆಯವರನ್ನು ಹೀಗೆ ಕೇಳಿ: ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಪೂರ್ತಿ ಹೋಗಿತ್ತು? ಹೋದಾಗ ಎಷ್ಟು ಗಂಟೆಗೆ ಬಂತು? ಶನಿವಾರ ಸಂಜೆ ಹೋದರೆ ಭಾನುವಾರ ಬರುತ್ತಾರೆಯೇ? ರಾತ್ರಿ 9ರ ಮೇಲೆ ನಿಧಾನ ಆಗುತ್ತದೆಯೇ? ಮನೆಯಲ್ಲಿ ಯುಪಿಎಸ್ ಇದ್ದೂ ಬೀದಿಯ ಕರೆಂಟ್ ಹೋದಾಗ ನೆಟ್ ಹೋಗುತ್ತದೆಯೇ? ಕೊನೆಯ ಪ್ರಶ್ನೆಗೆ ‘ಹೌದು’ ಎಂದರೆ ನಡುವೆ ಎಲ್ಲೋ ಬ್ಯಾಟರಿ ಇಲ್ಲದ ಪೆಟ್ಟಿಗೆ ಇದೆ ಎಂದರ್ಥ. ಅದನ್ನು ನೀವು ಮನೆಯೊಳಗೆ ಕೂತು ಸರಿಮಾಡಲಾಗದು.

ಉತ್ತರಗಳನ್ನು ಗಂಟೆಗೆ ಇಳಿಸಿ ನೋಡಿ. ತಿಂಗಳಿಗೆ 720 ಗಂಟೆ. ‘ನೂರಕ್ಕೆ 99 ಭಾಗ ಇರುತ್ತದೆ’ ಎಂದರೆ ಕೇಳಲು ಚೆನ್ನ, ಲೆಕ್ಕದಲ್ಲಿ ತಿಂಗಳಿಗೆ 7 ಗಂಟೆಗೂ ಹೆಚ್ಚು ಹೊತ್ತು ಇಲ್ಲ. 99.9 ಎಂದರೆ 43 ನಿಮಿಷ. ಮನೆಯಿಂದ ಕೆಲಸ ಮಾಡುವವರಿಗೆ ಈ ಎರಡರ ನಡುವಿನ ಅಂತರ ದೊಡ್ಡದು.

ಹಾಕುವ ದಿನ ಪಕ್ಕದಲ್ಲೇ ನಿಲ್ಲಿ

ಒಳ್ಳೆಯ ಕಂಪನಿಯ ಲೈನು ಕೆಟ್ಟ ಕೈಯಿಂದ ಹಾಳಾಗುವುದು ಈ ಒಂದು ಗಂಟೆಯಲ್ಲಿ. ಫೈಬರಿನಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ, ಮೈನಸ್ ಅಂಕಿಯಲ್ಲಿ. ಲೈನ್‌ಮನ್ ಬಳಿ ಇರುವ ಪವರ್ ಮೀಟರಿನಲ್ಲಿ ಅದು ಕಾಣುತ್ತದೆ. ಹೆಚ್ಚಿನ ಓಎನ್‌ಟಿಗಳ ಸೆಟ್ಟಿಂಗ್ ಪುಟದಲ್ಲೂ ಆಪ್ಟಿಕಲ್ ಅಥವಾ ಪಾನ್ ಎಂಬ ವಿಭಾಗದಲ್ಲಿ ಸಿಗುತ್ತದೆ. ಸಾಮಾನ್ಯ ಓಎನ್‌ಟಿ ಮೈನಸ್ 8ರಿಂದ ಮೈನಸ್ 27ರವರೆಗೆ ಬೆಳಕನ್ನು ಓದಬಲ್ಲದು. ಮೈನಸ್ 15ರಿಂದ 23ರೊಳಗೆ ಇದ್ದರೆ ನೆಮ್ಮದಿ. ಮೈನಸ್ 26 ಇದ್ದರೆ ಇವತ್ತು ನೆಟ್ ಓಡುತ್ತದೆ, ಲೈನ್‌ಮನ್ ಕೈ ತೊಳೆದುಕೊಂಡು ಹೋಗುತ್ತಾನೆ. ಮೊದಲ ಮಳೆಗೆ ಜಾಯಿಂಟಿನಲ್ಲಿ ನೀರು ಇಳಿದಾಗ ಅಥವಾ ಎಳೆ ಒಂದು ಕಡೆ ಮಡಿದಾಗ ಲೈನು ಬೀಳುತ್ತದೆ. ಈ ಅಂಕಿ 3ರಷ್ಟು (ಅದನ್ನು 3 ಡಿಬಿ ಎನ್ನುತ್ತಾರೆ) ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿದಂತೆ ಎಂಬುದು ನೆನಪಿರಲಿ: ಮೈನಸ್ 19 ಬರುವ ಮನೆಗೆ ಹೋಲಿಸಿದರೆ ಮೈನಸ್ 25 ಬರುವ ಮನೆಗೆ ಸಿಗುವುದು ಕಾಲು ಭಾಗ.

ಆ ಬೆಳಕು ಎಲ್ಲಿ ಸೋರುತ್ತದೆ? 32 ಕವಲಿನ ಸ್ಪ್ಲಿಟರ್ ಒಂದೇ ಸುಮಾರು 17 ಡಿಬಿ ತಿನ್ನುತ್ತದೆ, ಅದು ಅನಿವಾರ್ಯ. ಒಂದು ಕಿಲೋಮೀಟರ್ ಫೈಬರ್ ತಿನ್ನುವುದು ಅರ್ಧ ಡಿಬಿಗಿಂತ ಕಡಿಮೆ. ಮಿಷನ್ನಿನಲ್ಲಿ ಬೆಸೆದ ಜಾಯಿಂಟ್ 0.1 ಡಿಬಿಯೂ ತಿನ್ನುವುದಿಲ್ಲ. ಕೈಯಲ್ಲಿ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್ ಚೆನ್ನಾಗಿ ಕೂತರೆ ಅರ್ಧ ಡಿಬಿಯೊಳಗೆ, ಕೂರದಿದ್ದರೆ ಮೂರು–ನಾಲ್ಕು ಡಿಬಿ ನುಂಗುತ್ತದೆ. ಬಿಸಿಲು–ಚಳಿಗೆ ಎಳೆ ಒಳಗೊಳಗೇ ಸರಿದು ತಿಂಗಳುಗಳ ನಂತರವೂ ಕೈಕೊಡಬಹುದು. ಆದ್ದರಿಂದ ಬೆಸೆದು ಜೋಡಿಸಿ ಎಂದು ಒತ್ತಾಯಿಸಿ. ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಕೇಳಿದರೂ ಕೊಡಿ, ಅದು ದಂಡವಾಗುವ ದುಡ್ಡಲ್ಲ.

ಕನೆಕ್ಟರಿನ ಬಣ್ಣ ನೋಡಿ. ಹಸಿರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ಹಸಿರಿಗೆ ಹಸಿರು, ನೀಲಿಗೆ ನೀಲಿ. ಎರಡನ್ನೂ ಬೆರೆಸಿ ತುರುಕಿದರೆ ತುದಿಗಳು ಒಂದಕ್ಕೊಂದು ಸರಿಯಾಗಿ ಕೂರದೆ ಬೆಳಕು ಸೋರುತ್ತದೆ. ತುದಿಯನ್ನು ಬೆರಳಲ್ಲಿ ಮುಟ್ಟಿ ಹಾಗೇ ಸಿಕ್ಕಿಸುವುದೂ ತಪ್ಪೇ. ಬೆವರಿನ ಕಲೆಯಿಂದಲೂ ಬೆಳಕು ಮಂಕಾಗುತ್ತದೆ. ಆಲ್ಕೋಹಾಲ್ ಹಚ್ಚಿದ ಶುಭ್ರ ಬಟ್ಟೆಯಲ್ಲಿ ಒರೆಸಿಯೇ ಸಿಕ್ಕಿಸಬೇಕು. ತುದಿಯನ್ನು ಕಣ್ಣಿಗೆ ಹಿಡಿದು ಬೆಳಕು ಬರುತ್ತದೆಯೇ ಎಂದು ನೋಡಲೇಬೇಡಿ, ಮಕ್ಕಳಿಗೂ ಬಿಡಬೇಡಿ. ಆ ಬೆಳಕು ಕಣ್ಣಿಗೆ ಕಾಣದ ಜಾತಿಯದು, ಕಾಣದಿದ್ದರೂ ಅಪಾಯ ಇದ್ದೇ ಇದೆ.

ಮನೆಯೊಳಗೆ ಎಳೆ ತಿರುಗುವಲ್ಲಿ ಲಿಂಬೆಹಣ್ಣಿಗಿಂತ ಸಣ್ಣ ಸುತ್ತು ಬೇಡ. ಬಾಗಿಲ ಸಂದಿಯಲ್ಲಿ, ಕಿಟಕಿಯ ಕೆಳಗೆ ಹಾಯಿಸಿ ಮುಚ್ಚಿದರೆ ಒಂದು ದಿನ ಮುರಿಯುತ್ತದೆ. ಗೋಡೆಗೆ ತೂತು ಕೊರೆಸಿ. ಹೊರಗಿನಿಂದ ಒಳಗೆ ತೂತು ಮೇಲ್ಮುಖವಾಗಿರಲಿ, ಕೇಬಲ್ ಒಳಬರುವ ಮುಂಚೆ ಒಂದು ಗೇಣು ಕೆಳಗೆ ಇಳಿದು ಏರಲಿ. ಹಾಗಿದ್ದರೆ ಕೇಬಲ್ ಹಿಡಿದು ಹರಿಯುವ ಮಳೆನೀರು ಆ ಕೆಳತುದಿಯಲ್ಲೇ ತೊಟ್ಟಿಕ್ಕುತ್ತದೆ. ಹತ್ತು ಹದಿನೈದು ಮೀಟರ್ ಕೇಬಲನ್ನು ಸುರುಳಿ ಸುತ್ತಿ ಮನೆಯ ಹೊರಗೋಡೆಯಲ್ಲಿ ಬಿಟ್ಟಿರಲಿ. ನಾಳೆ ಕಡಿದಾಗ ಎಳೆದು ಜೋಡಿಸಲು ಅದೇ ಆಧಾರ. ತೋಟದ ನಡುವಿನ ಮಲೆನಾಡ ಮನೆಗಳಿಗೆ ಇನ್ನೂ ಒಂದು ಮಾತು: ಒಂದು ಎಳೆಯದ್ದರ ಬದಲು ಎರಡು ಎಳೆಯ ಡ್ರಾಪ್ ಕೇಬಲ್ ಹಾಕಿಸಿ. ಒಳಗೆ ಒಂದು ಎಳೆ ಮುರಿದರೆ ಅಡಿಕೆ ಮರಗಳ ನಡುವೆ ಅರ್ಧ ಕಿಲೋಮೀಟರ್ ಕೇಬಲ್ ಮತ್ತೆ ಎಳೆಯದೆ ಇನ್ನೊಂದಕ್ಕೆ ಬದಲಿಸಬಹುದು.

ಲೈನ್‌ಮನ್ ಹೊರಡುವ ಮುಂಚೆ ಡಿಬಿಎಂ ಅಂಕಿಯ ಫೋಟೊ ತೆಗೆದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ತೊಂದರೆ ಬಂದಾಗ ‘ಹಾಕಿದಾಗ ಮೈನಸ್ 20 ಇತ್ತು, ಈಗ ಮೈನಸ್ 26’ ಎಂದು ಹೇಳಿದರೆ ‘ರೂಟರ್ ರೀಸ್ಟಾರ್ಟ್ ಮಾಡಿ ಸಾರ್’ ಎಂಬ ಉತ್ತರದಿಂದ ಪಾರಾಗುತ್ತೀರಿ.

ಕರೆಂಟ್ ಹೋದಾಗ

ಓಎನ್‌ಟಿಗೆ ಬೇಕಾದದ್ದು ಆರೇಳು ವ್ಯಾಟ್ ಮಾತ್ರ. ಅದಕ್ಕೆಂದು ಸಿಗುವ ಮಿನಿ ಯುಪಿಎಸ್ ಸಾಕು. ಪೆಟ್ಟಿಗೆಯ ಮೇಲೆ 8000 ಎಂಎಎಚ್ ಎಂದಿದ್ದರೆ ಅದು 3.7 ವೋಲ್ಟಿನ ಲೆಕ್ಕ, ಅಂದರೆ ಸುಮಾರು 30 ವ್ಯಾಟ್-ಗಂಟೆ. ನಷ್ಟ ಕಳೆದು ಮೂರು, ಮೂರೂವರೆ ಗಂಟೆ ಓಡುತ್ತದೆ. ಕೊಳ್ಳುವ ಮುಂಚೆ ನಿಮ್ಮ ಓಎನ್‌ಟಿಯ ಅಡಾಪ್ಟರ್ ಮೇಲೆ ಬರೆದಿರುವುದನ್ನು ಓದಿ: ಹೆಚ್ಚಿನವು 12 ವೋಲ್ಟ್, ಆಂಪ್ಸ್ ಮಾತ್ರ 1, 1.5 ಅಥವಾ 2. ಯುಪಿಎಸ್ಸಿನ ವೋಲ್ಟ್ ಅದಕ್ಕೆ ಸಮ ಇರಬೇಕು, ಆಂಪ್ಸ್ ಸಮ ಅಥವಾ ಹೆಚ್ಚು ಇರಬೇಕು. 9 ವೋಲ್ಟಿನ ರೂಟರಿಗೆ 12 ಕೊಟ್ಟರೆ ಸುಡುತ್ತದೆ.

ವೇಗ: ಎಷ್ಟು ಬೇಕು, ಎಷ್ಟು ಬರುತ್ತದೆ

ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್, ಫೈಲಿನ ಗಾತ್ರ ಹೇಳುವ ಎಂಬಿ ಎಂದರೆ ಮೆಗಾಬೈಟ್. ಎಂಟು ಬಿಟ್ ಸೇರಿ ಒಂದು ಬೈಟ್. 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12.5 ಎಂಬಿ ಇಳಿದರೆ ಯಾರೂ ನಿಮಗೆ ಮೋಸ ಮಾಡಿಲ್ಲ. ಟಿವಿಯಲ್ಲಿ ಎಚ್‌ಡಿ ಸಿನಿಮಾಕ್ಕೆ 5, 4ಕೆ ಸಿನಿಮಾಕ್ಕೆ ಹೆಚ್ಚೆಂದರೆ 15–25, ವಿಡಿಯೊ ಮೀಟಿಂಗಿಗೆ ಎರಡೂ ಕಡೆಗೆ 2–4 ಎಂಬಿಪಿಎಸ್ ಸಾಕು. ನಾಲ್ಕೈದು ಜನರ ಮನೆಗೆ ಕದಲದ 50 ಸಾಲುತ್ತದೆ, 100 ಧಾರಾಳ. ಮುಗ್ಗರಿಸುವ 300ಕ್ಕಿಂತ ಅದೇ ಮೇಲು. ಬದಲಿಗೆ ಅಪ್‌ಲೋಡ್ ವೇಗ ಕೇಳಿ. ಡೌನ್‌ಲೋಡ್ 100 ಇದ್ದು ಅಪ್‌ಲೋಡ್ 10 ಮಾತ್ರ ಇದ್ದರೆ, ಮನೆಯಲ್ಲೊಬ್ಬರ ಫೋನ್ ಫೋಟೊ ಬ್ಯಾಕಪ್ ಶುರುಮಾಡಿದ ಕೂಡಲೇ ಇನ್ನೊಬ್ಬರ ಮೀಟಿಂಗಿನಲ್ಲಿ ಮುಖ ಹೆಪ್ಪುಗಟ್ಟಿ ನಿಲ್ಲುತ್ತದೆ.

‘ಅನ್‌ಲಿಮಿಟೆಡ್’ ಎಂಬುದಕ್ಕೂ ಮಿತಿ ಇದೆ. ಫೈಬರ್ ಪ್ಲಾನುಗಳಲ್ಲಿ ಬಹಳ ಕಡೆ ಕಾಣುವ ಮಿತಿ ತಿಂಗಳಿಗೆ 3300 ಜಿಬಿ, ಅಂದರೆ ದಿನಕ್ಕೆ ಸರಾಸರಿ 110 ಜಿಬಿ. ಸಾಮಾನ್ಯ ಮನೆಗೆ ಅದು ಮುಗಿಯದ ಅಕ್ಷಯಪಾತ್ರೆ. ಮಿತಿ ದಾಟಿದ ಮೇಲೆ ಎಷ್ಟು ವೇಗ ಎಂಬುದನ್ನು ಮಾತ್ರ ಬರವಣಿಗೆಯಲ್ಲಿ ಕೇಳಿ. ‘ಬ್ರಾಡ್‌ಬ್ಯಾಂಡ್’ ಎಂಬ ಪದಕ್ಕೆ 2023ರಿಂದ ಸರ್ಕಾರದ ವ್ಯಾಖ್ಯೆಯಲ್ಲಿರುವ ಕನಿಷ್ಠ ಡೌನ್‌ಲೋಡ್ ವೇಗ 2 ಎಂಬಿಪಿಎಸ್. ಆ ಪದವೊಂದನ್ನೇ ನಂಬಿದರೆ ಅಷ್ಟೇ ಸಿಗಬಹುದು.

ಹಾಕಿಸಿದ ಮೇಲೆ ಪರೀಕ್ಷೆ ಮಾಡಬೇಕಾದದ್ದು ಮಧ್ಯಾಹ್ನ ಅಲ್ಲ, ರಾತ್ರಿ 9ರಿಂದ ಹತ್ತೂವರೆ ನಡುವೆ, ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಸಿಕ್ಕಿಸಿ. ಸ್ಪೀಡ್‌ಟೆಸ್ಟ್ ತಾನಾಗಿ ಆರಿಸುವ ಸರ್ವರ್ ಬಹಳ ಸಲ ನಿಮ್ಮ ಕಂಪನಿಯದ್ದೇ, ನಿಮ್ಮ ಊರಲ್ಲೇ ಇರುತ್ತದೆ. ಅಲ್ಲಿ 100 ಬಂದರೆ ಬೀದಿಯ ಲೈನು ಚೆನ್ನಾಗಿದೆ ಎಂದಷ್ಟೇ ತಿಳಿಯಿತು. ಆ ಕಂಪನಿ ಹೊರಜಗತ್ತಿಗೆ ಎಷ್ಟು ದಪ್ಪದ ಕೊಳವೆ ಕೊಂಡಿದೆ ಎಂಬುದು ತಿಳಿಯಲಿಲ್ಲ. ಚೆನ್ನೈ, ಮುಂಬೈಯಲ್ಲಿರುವ ಬೇರೆ ಕಂಪನಿಯ ಸರ್ವರ್ ಆರಿಸಿ ಮತ್ತೆ ನೋಡಿ. ಫಾಸ್ಟ್ ಡಾಟ್ ಕಾಮ್‌ನಲ್ಲೂ ನೋಡಿ, ಅದು ನೆಟ್‌ಫ್ಲಿಕ್ಸ್ ಸರ್ವರುಗಳ ಮೇಲೆ ಅಳೆಯುತ್ತದೆ. ಯೂಟ್ಯೂಬ್ ಸಲೀಸಾಗಿ ಓಡಿ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಮಾತ್ರ ತೆವಳುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇಲ್ಲೇ: ಜನಪ್ರಿಯ ವಿಡಿಯೊಗಳ ಪ್ರತಿಗಳು ಕಂಪನಿಯ ಒಳಗೇ ಇಟ್ಟ ಕ್ಯಾಷ್ ಸರ್ವರಿನಿಂದ ಬರುತ್ತವೆ, ಆಫೀಸಿನ ದಾರಿ ಹೊರಗಿನ ಇಕ್ಕಟ್ಟಿನ ಕೊಳವೆಯಲ್ಲಿ ಹೋಗುತ್ತದೆ.

ಕಂಪ್ಯೂಟರಿನಿಂದ 8.8.8.8 ಎಂಬ ಗೂಗಲ್ ವಿಳಾಸಕ್ಕೆ 100 ಸಲ ಪಿಂಗ್ ಮಾಡಿ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಿ. ಫೈಬರಿನಲ್ಲಿ ಒಂದೂ ಕಳೆದುಹೋಗಬಾರದು. ಎರಡು ಮೂರು ಕಳೆದುಹೋದರೂ ಮೀಟಿಂಗಿನಲ್ಲಿ ಮಾತು ತುಂಡಾಗುತ್ತದೆ, ಸ್ಪೀಡ್‌ಟೆಸ್ಟಿನಲ್ಲಿ ಮಾತ್ರ ಅದು ಗೊತ್ತೇ ಆಗುವುದಿಲ್ಲ. ಬೇರೆ ಬೇರೆ ದಿನ ಮೂರು ಸಲ ಮಾಡಿ ಅಂಕಿ ಬರೆದಿಡಿ.

ಸಿಸಿಟಿವಿಯನ್ನು ಹೊರಗಿನಿಂದ ನೇರವಾಗಿ ನೋಡಬೇಕು, ಮನೆಯಲ್ಲೇ ಸರ್ವರ್ ಇಡಬೇಕು ಎನ್ನುವವರಿಗೆ ಒಂದು ಎಚ್ಚರ. ಇಂಟರ್ನೆಟ್ಟಿನಲ್ಲಿ ಒಂದೊಂದು ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸಗಳ ಕೊರತೆಯಿಂದ ಅನೇಕ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚುತ್ತವೆ. ರೂಟರಿನ ಸೆಟ್ಟಿಂಗಿನಲ್ಲಿ ಹೊರಗಿನ ಸಂಪರ್ಕದ ವಿವರವಿರುವ ವ್ಯಾನ್ ಪುಟದಲ್ಲಿ ವಿಳಾಸ 10ರಿಂದ ಅಥವಾ 100.64ರಿಂದ 100.127ರೊಳಗಿನ ಅಂಕಿಗಳಿಂದ ಶುರುವಾದರೆ ನಿಮ್ಮದೂ ಅಂಥದ್ದೇ. ಹೊರಗಿನಿಂದ ಮನೆಯ ಸಾಧನಕ್ಕೆ ದಾರಿ ಬಿಡುವ ಪೋರ್ಟ್ ಫಾರ್ವರ್ಡಿಂಗ್ ನಡೆಯುವುದಿಲ್ಲ. ನಿಮಗೇ ಮೀಸಲಾದ, ಬದಲಾಗದ ವಿಳಾಸಕ್ಕೆ (ಸ್ಟಾಟಿಕ್ ಐಪಿ) ಬೇರೆ ದುಡ್ಡು ಕೊಡಬೇಕು, ಇಲ್ಲವೇ ಕ್ಲೌಡ್ ಮೂಲಕ ನಡೆಯುವ ಕ್ಯಾಮೆರಾ ಕೊಳ್ಳಬೇಕು.

ದೂರುವ ಮುಂಚೆ ದೀಪ ನೋಡಿ

ಓಎನ್‌ಟಿಯಲ್ಲಿ ‘ಲಾಸ್’ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ: ಎಳೆ ಎಲ್ಲೋ ಕಡಿದಿದೆ ಅಥವಾ ಕನೆಕ್ಟರ್ ಸಡಿಲಾಗಿದೆ. ನೂರು ಸಲ ರೀಸ್ಟಾರ್ಟ್ ಮಾಡಿದರೂ ಬರುವುದಿಲ್ಲ, ನೇರವಾಗಿ ‘ರೆಡ್ ಲೈಟ್’ ಎಂದೇ ದೂರು ಕೊಡಿ. ‘ಪಾನ್’ ದೀಪ ಹಸಿರಾಗಿ ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಓಎಲ್‌ಟಿ ಜೊತೆ ಮಾತು ಕುದುರುತ್ತಿಲ್ಲ. ಪಾನ್ ನಿಶ್ಚಲ ಹಸಿರು, ಇಂಟರ್ನೆಟ್ ದೀಪ ಮಾತ್ರ ಕೆಂಪು ಅಥವಾ ಆರಿದ್ದರೆ ಲೈನು ಸರಿ ಇದೆ. ರೀಚಾರ್ಜ್ ಮುಗಿದಿದೆ, ಲಾಗಿನ್ ಕೆಟ್ಟಿದೆ ಅಥವಾ ಮೇಲೆ ಕಂಪನಿಯಲ್ಲೇ ತೊಂದರೆ. ಎಲ್ಲ ಹಸಿರಾಗಿದ್ದೂ ಫೋನಿನಲ್ಲಿ ಮಾತ್ರ ನಿಧಾನ ಎಂದರೆ ದೋಷ ವೈಫೈಯದು, ಕಂಪನಿ ಬದಲಿಸಿದರೆ ಹೋಗುವುದಿಲ್ಲ.

ಕರಾವಳಿಯ ಕೆಂಪುಕಲ್ಲಿನ ಗೋಡೆ, ಕಲಬುರಗಿ ಕಡೆಯ ಕಲ್ಲುಗೋಡೆ, ಎಲ್ಲ ಕಡೆಯ ಆರ್‌ಸಿಸಿ ತಾರಸಿ 5 ಗಿಗಾಹರ್ಟ್ಸ್ ವೈಫೈಯನ್ನು ಒಂದೆರಡು ಗೋಡೆಯಲ್ಲೇ ನಿಲ್ಲಿಸುತ್ತವೆ. 2.4 ಗಿಗಾಹರ್ಟ್ಸ್ ದಾಟಿ ಬರುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ಗದ್ದಲದಲ್ಲಿ 30–50 ಎಂಬಿಪಿಎಸ್ ಸಿಕ್ಕರೆ ಹೆಚ್ಚು. ಓಎನ್‌ಟಿಯನ್ನು ಟಿವಿ ಕಪಾಟಿನೊಳಗೆ ಬಚ್ಚಿಡದೆ ಮನೆಯ ನಡುವೆ, ಎದೆಮಟ್ಟಕ್ಕಿಂತ ಮೇಲೆ ಇಡಿಸಿ. ಮಾಳಿಗೆ ಮನೆಯಾದರೆ ಓಎನ್‌ಟಿಯಿಂದ ಒಂದು ಕ್ಯಾಟ್-6 ಕೇಬಲ್ ಮೇಲೆ ಎಳೆದು ಅಲ್ಲೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ವೈಫೈ ಹರಡಲಷ್ಟೇ, ಇಡಿ. ಕೇಬಲ್ ಇಲ್ಲದ ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಹೇಳುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ದುಡ್ಡು, ಕಾಗದ, ದೂರು

ಜಾಹೀರಾತಿನ 499ಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆ ಆಗುತ್ತದೆ. ಇನ್‌ಸ್ಟಾಲೇಷನ್, ರೂಟರ್ ಬಾಡಿಗೆ ಅಥವಾ ಡಿಪಾಸಿಟ್, ಕೇಬಲ್ ಮೀಟರ್ ಲೆಕ್ಕ ಬೇರೆ. ಆರು ಅಥವಾ ಹನ್ನೆರಡು ತಿಂಗಳ ಮುಂಗಡ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಮೊದಲ ದಿನವೇ ಕಟ್ಟಬೇಡಿ. ತುಸು ದುಬಾರಿಯಾದರೂ ಒಂದು ತಿಂಗಳದ್ದನ್ನು ತೆಗೆದುಕೊಂಡು, ರಾತ್ರಿಯ ಪರೀಕ್ಷೆ ಮುಗಿಸಿ, ಸಾಧ್ಯವಾದರೆ ಒಂದು ಜೋರು ಮಳೆ ದಾಟಿದ ಮೇಲೆ ಮುಂಗಡದ ಮಾತು. ಮುಂಗಡ ಕೊಟ್ಟ ಮೇಲೆ ನಿಮ್ಮ ಕೈಯಲ್ಲಿದ್ದ ಒಂದೇ ಹಿಡಿತ ಹೋಯಿತು.

ಊರಿನ ಹುಡುಗನಿಗೆ ನಗದು ಕೊಟ್ಟು ಬಿಲ್ಲಿಲ್ಲದೆ ನೆಟ್ ಪಡೆಯುವುದು ಸಾಮಾನ್ಯ. ಪರವಾನಗಿ ಇರುವ ಕಂಪನಿಯ ಹೆಸರಿನ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಯಾಕೆಂದರೆ ದೂರಿನ ದಾರಿ ಶುರುವಾಗುವುದೇ ಅಲ್ಲಿಂದ. ದೂರು ಕೊಟ್ಟಾಗಲೆಲ್ಲ ದೂರಿನ ಸಂಖ್ಯೆ ಬರೆದುಕೊಳ್ಳಿ. ಲೈನ್‌ಮನ್ ವಾಟ್ಸ್ಆ್ಯಪ್‌ಗೆ ಹಾಕಿದ ಸಂದೇಶ ಕೆಲಸ ಬೇಗ ಮಾಡಿಸಬಹುದು, ದಾಖಲೆಗೆ ಮಾತ್ರ ಬರುವುದಿಲ್ಲ, ಎರಡನ್ನೂ ಮಾಡಿ. ಅವಧಿಯೊಳಗೆ ಸರಿಹೋಗದಿದ್ದರೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಶುಲ್ಕ ಇಲ್ಲ, 39 ದಿನದೊಳಗೆ ತೀರ್ಮಾನ ಆಗಬೇಕು. ಟ್ರಾಯ್ ತಾನೇ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯುತ್ತ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಟೆಲಿಕಾಂ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ಎರಡನೇ ದಾರಿ

ನೆಟ್ ನಿಂತರೆ ಅಂದಿನ ಸಂಪಾದನೆಯೇ ನಿಲ್ಲುತ್ತದೆ ಎನ್ನುವವರು ಎರಡನೇ ಸಂಪರ್ಕ ಇಟ್ಟುಕೊಳ್ಳಲೇಬೇಕು. ಆದರೆ ಎರಡು ಕಂಪನಿಯ ಫೈಬರ್ ಎಂದ ಕೂಡಲೇ ಎರಡು ದಾರಿ ಆಯಿತು ಎಂದಲ್ಲ. ಎರಡೂ ಕೇಬಲ್ ಒಂದೇ ಕಂಬದ ಮೇಲೆ, ಒಂದೇ ಮರದ ಕೆಳಗೆ ಬಂದಿದ್ದರೆ ಒಂದೇ ಕೊಂಬೆ ಎರಡನ್ನೂ ಕೆಡವುತ್ತದೆ. ಒಂದು ಫೈಬರ್, ಇನ್ನೊಂದು ಬೇರೆ ಕಂಪನಿಯ 5ಜಿ ಅಥವಾ 4ಜಿ ಸಿಮ್ ಹಾಕಿದ ಸಣ್ಣ ರೂಟರ್, ಇದು ಖರ್ಚು ಕಡಿಮೆಯ ಜೋಡಿ. ಆ ಸಿಮ್ಮಿನ ಸಿಗ್ನಲ್ಲನ್ನು ಊರಿನ ಕರೆಂಟ್ ಹೋಗಿ ಎರಡು ಗಂಟೆ ಕಳೆದ ಮೇಲೆ ಒಮ್ಮೆ ನೋಡಿ. ಟವರಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.